ಮಾಲ್ದೀವ್ಸ್ ದ್ವೀಪದ ಶಾಲೆಯಲ್ಲಿ ಶಿಕ್ಷಕಿಯ ಕೆಲಸ: ದಿನಚರಿ ಹೇಗಿರುತ್ತದೆ, ಹಬ್ಬಗಳನ್ನು ಹೇಗೆ ಮಾಡುತ್ತೀರಿ?

ಸಾಗರದ ಗಣಿತ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಮಾಲ್ದೀವ್ಸ್‌ನ ಉತ್ತರ ಭಾಗದಲ್ಲಿರುವ ಹಾ ಧಾಲು ದ್ವೀಪಸಮೂಹದ ಸರ್ಕಾರಿ ಶಾಲೆಯೊಂದರಿಂದ ನನಗೆ ಕೆಲಸದ ಪತ್ರ ಬಂದಿದೆ. ಅಲ್ಲಿನ ರೆಸಾರ್ಟುಗಳ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆಯಾದರೂ, ಊರಿನವರೇ ವಾಸಿಸುವ ದ್ವೀಪದಲ್ಲಿ ಪಾಠ ಹೇಳಿಕೊಂಡು ಇರುವವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಯಾರೂ ಬರೆದಂತೆ ಕಾಣಲಿಲ್ಲ.

ಯಜಮಾನರು ಅಡಿಕೆ ತೋಟ ಬಿಟ್ಟು ಬರುವಂತಿಲ್ಲ. ಎರಡನೆಯ ತರಗತಿಯಲ್ಲಿರುವ ಮಗಳು ಸದ್ಯಕ್ಕೆ ಅತ್ತೆಯವರ ಜೊತೆಯಲ್ಲಿರುತ್ತಾಳೆ. ನಾವು ಸಸ್ಯಾಹಾರಿಗಳು. ದೇವರ ಮೂರ್ತಿಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲ ಎಂದು ಏಜೆಂಟರು ಹೇಳಿದ ಮೇಲೆ ಮನಸ್ಸು ಅಳುಕಿದೆ. ಮದುವೆಯಾದಂದಿನಿಂದ ಸ್ವರ್ಣಗೌರಿ ವ್ರತವನ್ನು ನಾನು ಒಂದು ವರ್ಷವೂ ಬಿಟ್ಟಿಲ್ಲ. ಅಲ್ಲಿ ಇದ್ದು ಬಂದವರು ಅಥವಾ ಈಗ ಇರುವವರು ದಯವಿಟ್ಟು ತಿಳಿಸಬೇಕು.

ಕುಂದಾಪುರದ ಮೇಷ್ಟ್ರು:

ನಮಸ್ಕಾರ ಮೇಡಂ. ನಾನು ಅಲ್ಲಿನ ದಕ್ಷಿಣದ ದ್ವೀಪಗಳಲ್ಲಿ ಹಲವು ವರ್ಷ ಭೌತಶಾಸ್ತ್ರ ಕಲಿಸಿ ಊರಿಗೆ ಮರಳಿದವನು. ಮೊದಲು ದಿನಚರಿಯ ಮಾತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಬೆಳಗಿನ ಪಾಳಿಯ ಶಾಲೆ ಸಾಮಾನ್ಯವಾಗಿ ಏಳು ಗಂಟೆಯ ಹೊತ್ತಿಗೆ ಆರಂಭವಾಗುತ್ತದೆ. ಪ್ರಾರ್ಥನಾ ಸಭೆಯಲ್ಲಿ ಕುರಾನ್ ಪಠಣ ಮತ್ತು ರಾಷ್ಟ್ರಗೀತೆ ಇರುತ್ತವೆ. ಆ ಹೊತ್ತಿನಲ್ಲಿ ನಾವು ಸುಮ್ಮನೆ ನಿಂತರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಯಾರೂ ಅಪೇಕ್ಷಿಸುವುದಿಲ್ಲ. ದಿವೇಹಿ ಭಾಷೆ ಮತ್ತು ಇಸ್ಲಾಂ ಪಾಠಗಳನ್ನು ಬಿಟ್ಟರೆ ಉಳಿದ ವಿಷಯಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತವೆ, ದೊಡ್ಡ ತರಗತಿಗಳ ಮಕ್ಕಳು ಕೇಂಬ್ರಿಜ್ ಪರೀಕ್ಷೆ ಬರೆಯುತ್ತಾರೆ. ದಿವೇಹಿಯನ್ನು ಬಲದಿಂದ ಎಡಕ್ಕೆ ಬರೆಯುವುದರಿಂದ, ಆ ಪಾಠ ಮುಗಿಸಿ ನಿಮ್ಮ ತರಗತಿಗೆ ಕುಳಿತ ಚಿಕ್ಕ ಮಕ್ಕಳು ಕೆಲವೊಮ್ಮೆ ಪುಸ್ತಕವನ್ನು ಹಿಂದಿನ ಪುಟದಿಂದ ತೆರೆಯುತ್ತಾರೆ. ಗದರಬೇಡಿ, ಅದು ತುಂಟತನವಲ್ಲ.

ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹಾಗಾಗಿ ಊರಿನವರು ಭಾನುವಾರ ಬೆಳಿಗ್ಗೆ ಪುರುಸೊತ್ತಾಗಿ ಫೋನು ಮಾಡಿದಾಗ ನೀವು ಕಪ್ಪುಹಲಗೆಯ ಮುಂದೆ ನಿಂತಿರುತ್ತೀರಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಸಂಜೆ ಐದರ ನಂತರ ದ್ವೀಪಕ್ಕೆ ಜೀವ ಬರುತ್ತದೆ: ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ 'ಜೋಲಿ' ಎಂಬ ಆಸನಗಳಲ್ಲಿ ಹೆಂಗಸರು, ಗಂಡಸರು ಕಡಲ ಕಡೆ ಮುಖ ಮಾಡಿ ಕುಳಿತಿರುತ್ತಾರೆ, ಹೊಸ ಮಿಸ್ ಬಂದಿದ್ದಾರೆಂದರೆ ನಿಮ್ಮನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ಇಡೀ ಊರನ್ನು ನಡೆದೇ ಸುತ್ತಬಹುದು. ಮೂರನೆಯ ತಿಂಗಳಿನಲ್ಲಿ ಇದೇ ಸಂಗತಿ ಉಸಿರುಗಟ್ಟಿಸುವಂತೆಯೂ ಆಗುತ್ತದೆ ಎಂದು ಮುಂಚಿತವಾಗಿ ಹೇಳಿಬಿಡುವುದು ಒಳ್ಳೆಯದು.

ಊಟದ ವಿಷಯದಲ್ಲಿ ಸ್ವಲ್ಪ ಕಷ್ಟವಿದೆ. ಬೆಳಗಿನ ತಿಂಡಿಯಾದ 'ಮಸ್ ಹುನಿ'ಯಿಂದ ಹಿಡಿದು ಸಂಜೆಯ ಕರಿದ ತಿನಿಸುಗಳ ತನಕ ಸೂರೆ (ಟ್ಯೂನಾ) ಮೀನು ಇಲ್ಲದ ಪದಾರ್ಥ ಅಪರೂಪ. ಅಕ್ಕಿ, ಹಿಟ್ಟು, ಸಕ್ಕರೆ, ಈರುಳ್ಳಿ, ಆಲೂಗಡ್ಡೆಗಳು ಬಹುಪಾಲು ನಮ್ಮ ದೇಶದಿಂದಲೇ ಹೋಗುವುದರಿಂದ ಅವುಗಳಿಗೆ ತೊಂದರೆಯಿಲ್ಲ. ಹಸಿ ತರಕಾರಿ ಮಾತ್ರ ದೋಣಿಯನ್ನು ನಂಬಿಕೊಂಡಿರುತ್ತದೆ. ಮೇ ತಿಂಗಳಿನಿಂದ ನೈಋತ್ಯ ಮಾರುತ ಶುರುವಾಗಿ ಕಡಲು ಕೆಟ್ಟರೆ ದೋಣಿ ಬರುವ ದಿನವನ್ನು ಹೇಳಲಾಗುವುದಿಲ್ಲ. ಆದರೆ ತೆಂಗಿನಕಾಯಿಗೆ ಬರವಿಲ್ಲ, ನುಗ್ಗೆಸೊಪ್ಪು ಸಿಗುತ್ತದೆ, ಜೀಗುಜ್ಜೆಯಂತೂ ಹೇರಳ. ಕರಾವಳಿಯವನಾದ ನನಗೆ ಜೀಗುಜ್ಜೆ ಪೋಡಿ ಇರುವ ಊರು ಪರದೇಶ ಅನ್ನಿಸಲೇ ಇಲ್ಲ.

ಮೂರ್ತಿಯ ಬಗ್ಗೆ ಏಜೆಂಟರು ಹೇಳಿದ್ದು ನಿಜ. ಪೂಜೆಯ ವಿಗ್ರಹ, ಮದ್ಯ, ಹಂದಿ ಮಾಂಸ, ಇವನ್ನು ನಾವು ಆ ದೇಶದೊಳಗೆ ಒಯ್ಯುವುದು ನಿಷಿದ್ಧ. ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳನ್ನು ಸ್ಕ್ಯಾನ್ ಮಾಡುತ್ತಾರೆ. ಬೇರೆ ಧರ್ಮದ ವಿದೇಶಿಯರು ತಮ್ಮ ಕೋಣೆಯೊಳಗೆ, ತಮ್ಮ ಪಾಡಿಗೆ ಆಚರಣೆ ಮಾಡಿಕೊಳ್ಳಬಹುದು. ಬಹಿರಂಗವಾಗಿ ಮಾಡುವಂತಿಲ್ಲ, ಅಲ್ಲಿನವರನ್ನು, ಅದರಲ್ಲೂ ಶಾಲೆಯ ಮಕ್ಕಳನ್ನು, ಅದರಲ್ಲಿ ಸೇರಿಸಿಕೊಳ್ಳುವಂತಿಲ್ಲ. ಈ ಕಾನೂನು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಊರಿನಲ್ಲಿ ಕುಳಿತು ಮಾಡೋಣ. ಅಲ್ಲಿಗೆ ಕೆಲಸಕ್ಕೆ ಹೋಗುವವರು ಅದನ್ನು ಪಾಲಿಸಬೇಕು, ಅಷ್ಟೆ.

ಎಳ್ಳುಬೆಲ್ಲ:

ಮೇಷ್ಟ್ರು ಹಬ್ಬವನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟರು, ಗಂಡಸರು ಹಾಗೆಯೇ! ನಾನು ಹಾಸನದವಳು, ಈಗಲೂ ಇಲ್ಲಿಯೇ ಇದ್ದೇನೆ. ಅಕ್ಕಾ, ಗೌರಿ ಹಬ್ಬ ತಪ್ಪುವುದಿಲ್ಲ, ಹೆದರಬೇಡಿ. ನಮ್ಮ ಅಜ್ಜಿಯ ಕಾಲದಲ್ಲಿ ಮಣ್ಣಿನ ಗೌರಿ ಸಿಗದ ವರ್ಷ ಅರಿಶಿನವನ್ನು ನೀರಿನಲ್ಲಿ ಕಲಸಿ ಗೋಪುರದಂತೆ ಮಾಡಿ, ಅದಕ್ಕೆ ಕುಂಕುಮವಿಟ್ಟು ಅರಿಶಿನದ ಗೌರಿ ಎಂದು ಪೂಜಿಸುತ್ತಿದ್ದರು. ನಾನೂ ಅದನ್ನೇ ಮಾಡುತ್ತೇನೆ. ಅಡುಗೆಮನೆಯ ಅರಿಶಿನ ಪುಡಿ, ಒಂದು ವೀಳ್ಯದೆಲೆ, ಒಂದು ತಟ್ಟೆ ಇದ್ದರೆ ಆಯಿತು. ವೀಳ್ಯದೆಲೆ ಇಲ್ಲಿನ ಅಂಗಡಿಯಲ್ಲಿ ಸಿಗುತ್ತದೆ, ಏಕೆಂದರೆ ಇಲ್ಲಿಯವರಿಗೂ ಎಲೆ-ಅಡಿಕೆಯ ಅಭ್ಯಾಸವಿದೆ. ಹೂವಿಗೆ ದಾಸವಾಳ, ದೇವಕಣಗಿಲೆ. ವಿಸರ್ಜನೆಯನ್ನು ಬಕೆಟ್ಟಿನ ನೀರಿನಲ್ಲಿ ಮಾಡಿ ಬಾಳೆಗಿಡದ ಬುಡಕ್ಕೆ ಸುರಿಯುತ್ತೇನೆ, ಸುತ್ತ ಸಮುದ್ರವೇ ಇದ್ದರೂ ದಡಕ್ಕೆ ಹೋಗುವುದಿಲ್ಲ. ಬಾಗಿನವನ್ನು ನನ್ನ ಪರವಾಗಿ ನಾದಿನಿ ಅಮ್ಮನಿಗೆ ಕೊಟ್ಟು ಬರುತ್ತಾರೆ.

ನಮ್ಮ ಹಬ್ಬಗಳಿಗೆ ರಜೆ ಇಲ್ಲದಿರುವುದೇ ನಿಜವಾದ ತೊಡಕು. ಚೌತಿಯ ದಿನ ನಾನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದೀಪ ಹಚ್ಚಿ ಶಾಲೆಗೆ ಹೋಗಿ, ನೈವೇದ್ಯವನ್ನು ಮಧ್ಯಾಹ್ನ ಮರಳಿದ ಮೇಲೆ ಮಾಡುತ್ತೇನೆ. ಪಕ್ಕದ ಕೋಣೆಗಳಲ್ಲಿರುವ ಕೇರಳ ಮತ್ತು ತಮಿಳುನಾಡಿನ ಟೀಚರುಗಳು ಊಟಕ್ಕೆ ಬರುತ್ತಾರೆ. ಬೆಲ್ಲ ಮುಗಿದುಹೋದ ವರ್ಷ ಕಡುಬಿನ ಹೂರಣಕ್ಕೆ ಇಲ್ಲಿನ 'ದಿಯಾ ಹಕುರು' ಹಾಕಿದೆ. ಅದು ತೆಂಗಿನ ನೀರಾವನ್ನು ಕಾಯಿಸಿ ಮಾಡುವ ಪಾಕ. ಬೆಲ್ಲಕ್ಕಿಂತ ತೆಳ್ಳಗಿರುವುದರಿಂದ ಕಾಯಿತುರಿಯ ಜೊತೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಮಗುಚಬೇಕು, ಅವಸರ ಮಾಡಿದರೆ ಕಡುಬು ಬೇಯುವಾಗ ಬಾಯಿ ಬಿಡುತ್ತದೆ. ಆದರೆ ಪರಿಮಳ ಬೆಲ್ಲಕ್ಕಿಂತ ಒಂದು ಕೈ ಮೇಲು. ಯುಗಾದಿಗೆ ಬೇವಿನ ಬದಲು ನಾಲ್ಕು ಕಾಳು ಮೆಂತ್ಯ ಸಾಕಾಗುತ್ತದೆ.

ಇಲ್ಲಿನ ಹಬ್ಬಗಳಲ್ಲಿ ನಿಮಗೂ ಪಾಲಿದೆ ಎಂಬುದನ್ನು ಮರೆಯಬೇಡಿ. ರಂಜಾನ್ ಮುಗಿದು ಬರುವ 'ಕುಡ ಈದ್' ದಿನ ಮಕ್ಕಳ ಮನೆಗಳಿಂದ ತಟ್ಟೆಗಳು ಬರುತ್ತವೆ. ಮೀನು ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿದ್ದರೆ ಸಿಹಿ ಮಾತ್ರ ಕಳಿಸುತ್ತಾರೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ನಮ್ಮ ಪದ್ಧತಿಯಂತೆ ನಾನು ಕೊಬ್ಬರಿ ಮಿಠಾಯಿ ಇಟ್ಟು ಕಳಿಸುತ್ತೇನೆ. ಈಗ ಅದನ್ನು ಕೇಳಿಯೇ ಪಡೆಯುವ ಮನೆಗಳಿವೆ. 'ಬೊಡು ಈದ್', ಅಂದರೆ ಬಕ್ರೀದ್, ಬಂದಾಗ ಕೆಲವು ದ್ವೀಪಗಳಲ್ಲಿ ಹಲವು ದಿನ ಆಟಪಾಟವಿರುತ್ತದೆ: ತೆಂಗಿನ ಗರಿಯಲ್ಲಿ ಹೆಣೆದ ಭಾರಿ ಮೀನಿನ ಮೆರವಣಿಗೆ, ಮೈಗೆಲ್ಲ ಎಲೆ ಕಟ್ಟಿಕೊಂಡು ಭೂತದ ವೇಷ ಹಾಕುವ ಹುಡುಗರು, ಬೊಡು ಬೆರು ಡೋಲುಗಳು, ಆಮೇಲೆ ನಮ್ಮ ಓಕುಳಿಯಂತೆಯೇ ಬಣ್ಣದ ನೀರು. ಆ ದಿನ ಒಳ್ಳೆಯ ಸೀರೆ ಉಡಬೇಡಿ. ರಂಜಾನ್ ತಿಂಗಳಿನಲ್ಲಿ ಹಗಲು ಹೊತ್ತು ಹೊರಗೆ ನೀರು ಕುಡಿಯುವುದೂ ಸಲ್ಲದು, ಇದು ನೆನಪಿರಲಿ.

ಲೆಕ್ಕಪತ್ರ:

ಹಬ್ಬಕ್ಕಿಂತ ಮೊದಲು ಸಂಬಳದ ಬಗ್ಗೆ ವಿಚಾರಿಸುವುದು ಮುಖ್ಯ. ಸರ್ಕಾರಿ ಶಾಲೆಯ ಸಂಬಳ ಅಲ್ಲಿನ ಹಣವಾದ ರುಫಿಯಾದಲ್ಲಿ ಬರುತ್ತದೆ. ಅಧಿಕೃತ ದರದಲ್ಲಿ ಒಂದು ಡಾಲರಿಗೆ ಸುಮಾರು 15.42 ರುಫಿಯಾ ಆದರೂ, ಡಾಲರ್ ಕೊರತೆಯ ಕಾಲದಲ್ಲಿ ಆ ದರದಲ್ಲಿ ಡಾಲರ್ ಸಿಗುವುದಿಲ್ಲ, ಹೊರಗಿನ ದರ ಬಹಳ ಹೆಚ್ಚು. ಭಾರತೀಯ ಸ್ಟೇಟ್ ಬ್ಯಾಂಕಿನ ಶಾಖೆ ರಾಜಧಾನಿ ಮಾಲೆಯಲ್ಲಿ 1974ರಿಂದ ಇದೆ. ತಿಂಗಳಿಗೆ ಎಷ್ಟು ಹಣವನ್ನು ಊರಿಗೆ ಕಳಿಸಬಹುದು ಎಂಬ ಮಿತಿ ಬದಲಾಗುತ್ತಿರುತ್ತದೆ, ಹೊರಡುವ ವಾರದ ಸ್ಥಿತಿಯನ್ನು ಕೇಳಿ ತಿಳಿಯಿರಿ. ತೋಟದ ಸಾಲ ತೀರಿಸಲೆಂದೇ ಹೋಗುವುದಾದರೆ, ಕಾಗದದ ಮೇಲಿನ ಸಂಬಳವನ್ನು ನಂಬಿ ಕಂತು ನಿಗದಿ ಮಾಡಿಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಾಡಿಗೆಯನ್ನು ಯಾರು ಭರಿಸುತ್ತಾರೆ, ವರ್ಷಕ್ಕೊಮ್ಮೆ ಟಿಕೆಟ್ ಇದೆಯೇ, ಇವೆರಡನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.

ಸಾಗರದ ಗಣಿತ ಟೀಚರ್:

ಮೂವರಿಗೂ ಕೃತಜ್ಞತೆಗಳು. ಸಾಲದ ಮಾತು ನಮ್ಮ ಮನೆಯ ವಿಚಾರ ಗೊತ್ತಿದ್ದವರು ಹೇಳಿದಂತೆಯೇ ಇದೆ, ಯಜಮಾನರಿಗೆ ಓದಿ ಹೇಳಿದೆ. ಇನ್ನೊಂದೇ ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಗಳನ್ನು ಕರೆಸಿಕೊಳ್ಳಬಹುದೇ? ಬರುವಾಗ ಏನೇನು ತರಿಸಿಕೊಳ್ಳಬೇಕು?

ಎಳ್ಳುಬೆಲ್ಲ:

ಧಾರಾಳವಾಗಿ ಕರೆಸಿಕೊಳ್ಳಿ. ಭಾರತೀಯರು ಪ್ರವಾಸಕ್ಕೆಂದು ಬಂದರೆ 90 ದಿನಗಳವರೆಗೆ ಮೊದಲೇ ವೀಸಾ ಮಾಡಿಸಬೇಕಾಗಿಲ್ಲ. ಏಪ್ರಿಲ್ ಮೊದಲ ವಾರಗಳಲ್ಲೇ ಬರಲಿ, ಆಗ ಕಡಲು ಶಾಂತವಾಗಿರುತ್ತದೆ. ಮೇ ಹೊತ್ತಿಗೆ ದೋಣಿಯ ಪ್ರಯಾಣ ಮಕ್ಕಳಿಗೆ ಹಿಂಸೆ. ನಿಮಗೆ ಆ ದಿನಗಳಲ್ಲಿ ಶಾಲೆ ಇರಬಹುದು, ಏಕೆಂದರೆ ಇಲ್ಲಿನ ಶಾಲಾ ವರ್ಷ ನಮ್ಮ ಲೆಕ್ಕದಂತಿಲ್ಲ. ಅವಳ ಜೊತೆಗೆ ಅತ್ತೆಯವರೂ ಬರುವುದಾದರೆ ಒಳ್ಳೆಯದು. ತೊಗರಿಬೇಳೆ, ಕಡಲೆಬೇಳೆ ಮಾಲೆಯಲ್ಲೇ ಸಿಗುತ್ತವೆ, ಹೊತ್ತು ತರಬೇಡಿ. ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿಕೊಳ್ಳಿ. ಕಾಯಿ ತುರಿಯುವ ತುರಿಮಣೆ ಬೇಡ, ಅದು ಇಲ್ಲಿ ಪ್ರತಿ ಮನೆಯಲ್ಲೂ ಇದೆ. ಬೆಲ್ಲ ಮಾತ್ರ ಜಾಸ್ತಿ ತನ್ನಿ, ನನಗೂ ಸ್ವಲ್ಪ ಬೇಕು.