ಹೊಸ ಕಾರಿನೊಳಗೆ ಮಳೆ ನೀರು, ನಾಲ್ಕು ಸಲ ಸರ್ವಿಸ್ ಆಯಿತು

ಪ್ರಶ್ನೆ:
ನಮ್ಮದು ಸಕಲೇಶಪುರ. ಕಾರು ತಗೊಂಡು ಐದು ತಿಂಗಳು. ಜೋರು ಮಳೆ ಬಂದರೆ ಮುಂದಿನ ಎಡಗಡೆ ಸೀಟಿನ ಕೆಳಗೆ ನೀರು ನಿಲ್ಲುತ್ತದೆ. ನಿನ್ನೆ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿದೆ, ಬೆರಳ ಸಂದಿಯಿಂದ ನೀರು ಉಕ್ಕಿತು. ಮಗಳ ಸ್ಕೂಲ್ ಬ್ಯಾಗಿನ ತಳ ಪೂರ್ತಿ ಒದ್ದೆ. ಶೋರೂಮ್‌ನವರು ಪ್ರತಿ ಸಲ "ಬಾಗಿಲಿನ ರಬ್ಬರ್ ಬೀಡಿಂಗ್ ಬದಲಿಸಿದ್ದೇವೆ ಸಾರ್" ಅಂತ ಕಳಿಸುತ್ತಾರೆ. ಸಾಲ ಮಾಡಿ ತಗೊಂಡ ಗಾಡಿ, ತುಂಬಾ ಬೇಜಾರಾಗಿದೆ. ಏನು ಮಾಡಲಿ?

ಉತ್ತರ 1:
ಮೊದಲು ಜಾಬ್ ಕಾರ್ಡ್ ನೋಡಿ, ಅಂದರೆ ಸರ್ವಿಸ್‌ಗೆ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ಚೀಟಿ. ನನಗೆ "ಜನರಲ್ ಚೆಕಪ್" ಅಂತ ಬರೆದು ಕೊಟ್ಟಿದ್ದರು, ಆಮೇಲೆ ನನ್ನ ದೂರಿಗೆ ದಾಖಲೆಯೇ ಇರಲಿಲ್ಲ. "ನೀರು ಸೋರಿಕೆ, ಐದನೇ ಸಲ" ಅಂತ ಬರೆಸಿ, ಆಮೇಲೆ ಸಹಿ ಹಾಕಿ. ಅವರೆದುರೇ ಪೈಪಲ್ಲಿ ನೀರು ಹೊಡೆಸಿ ವಿಡಿಯೊ ಮಾಡಿ. ಸನ್‌ರೂಫ್ (ಚಾವಣಿಯಲ್ಲಿ ತೆರೆಯುವ ಗಾಜು) ಇದೆಯಾ? ಅದರ ನೀರು ಹೋಗುವ ಪೈಪ್ ಕಟ್ಟಿಕೊಂಡರೂ ಹೀಗಾಗುತ್ತದೆ.

ಉತ್ತರ 2:
ಕಾರು ಕಂಪನಿಗೂ ಇಮೇಲ್ ಹಾಕಿ, ಬರೀ ಫೋನ್ ಬೇಡ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದ ಒಳಗೆ. ವಕೀಲರು ಕಡ್ಡಾಯವಲ್ಲ.

ಪ್ರಶ್ನೆ ಕೇಳಿದವರು:
ಸನ್‌ರೂಫ್ ಇದೆ! ಅದನ್ನು ಯಾರೂ ನೋಡಿಯೇ ಇಲ್ಲ. ಸೋಮವಾರ ಹೋಗಿ ನಿಂತು ಬರೆಸುತ್ತೇನೆ.