ಸಿಡಿ ಓಡುತ್ತದೆ, ಡಿವಿಡಿ ಹಾಕಿದರೆ 'ನೋ ಡಿಸ್ಕ್'. ಏನು ಮಾಡಲಿ?

ಹಳೇತಟ್ಟೆ:
ಏಳೆಂಟು ವರ್ಷ ಮೂಲೆ ಸೇರಿದ್ದ ಡಿವಿಡಿ ಪ್ಲೇಯರ್ ಹೊರಗೆ ತೆಗೆದೆ. ಹಾಡಿನ ಸಿಡಿ ಚೆನ್ನಾಗಿ ಓಡುತ್ತದೆ. ಸಿನಿಮಾ ಡಿವಿಡಿ ಹಾಕಿದರೆ ಮಾತ್ರ ಎರಡು ಮೂರು ಸಲ ಟಿಕ್ ಟಿಕ್ ಎಂದು 'ನೋ ಡಿಸ್ಕ್' ಅನ್ನುತ್ತದೆ. ಡಿಸ್ಕ್ ಮೇಲೆ ಒಂದು ಗೀರೂ ಇಲ್ಲ. ಕ್ಲೀನಿಂಗ್ ಡಿಸ್ಕ್ ಹಾಕಿದ್ದೂ ಆಯಿತು. ಮೋಟರ್ ಹೋಗಿದೆಯಾ?

ಬೆಸುಗೆಕಡ್ಡಿ:
ಮೋಟರ್ ಮೇಲಿನ ಅನುಮಾನ ಕೊನೆಗಿರಲಿ. ಸಾಮಾನ್ಯವಾಗಿ ಇದರಲ್ಲಿ ಲೆನ್ಸ್ ಒಂದೇ, ಲೇಸರ್ ಎರಡು. ಬೆಳಕಿನ ತರಂಗಾಂತರ ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650. ಸಿಡಿಯಲ್ಲಿ ಮಾಹಿತಿ ಬರೆದ ಸಾಲುಗಳ ನಡುವೆ 1.6 ಮೈಕ್ರಾನ್ ಜಾಗ ಇದ್ದರೆ ಡಿವಿಡಿಯಲ್ಲಿ ಬರೀ 0.74. ಲೆನ್ಸ್ ಸ್ವಲ್ಪ ಮಸುಕಾದರೂ ಸಿಡಿ ಹೇಗೋ ಓಡಿಬಿಡುತ್ತದೆ, ಡಿವಿಡಿ ಕೈ ಕೊಡುತ್ತದೆ.

ಕ್ಲೀನಿಂಗ್ ಡಿಸ್ಕ್‌ನ ಬ್ರಷ್ ಸಡಿಲ ಧೂಳು ತೆಗೆಯುತ್ತದೆ ಅಷ್ಟೆ. ಅಂಟಿಕೊಂಡ ಜಿಡ್ಡಿಗೆ ಅದು ಸಾಲದು. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆಯಿರಿ. ಪವರ್ ಬೋರ್ಡ್ ಮುಟ್ಟಬೇಡಿ, ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಲೆನ್ಸ್ ನೀರಹನಿ ಥರ ಕಾಣುತ್ತದೆ, ಕೂದಲಿನಷ್ಟು ಸಣ್ಣ ತಂತಿಗಳ ಮೇಲೆ ತೂಗುತ್ತಿರುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಒತ್ತದೆ ಸುಮ್ನೆ ಸವರಿ. ಮುಚ್ಚಳ ತೆಗೆದಿಟ್ಟು ಓಡಿಸಿ ಲೇಸರ್ ಕಡೆ ಇಣುಕುವ ಸಾಹಸ ಬೇಡ.

ಕಿತ್ತುಜೋಡಿಸು:
ಅದಕ್ಕೂ ಜಗ್ಗದಿದ್ದರೆ ಡಿವಿಡಿ ಲೇಸರ್ ಸೊರಗಿರಬಹುದು. ಪಿಕಪ್ (ಲೆನ್ಸ್, ಲೇಸರ್ ಎರಡೂ ಇರುವ ಭಾಗ) ಮೇಲಿನ ನಂಬರ್ ನೋಡಿ ಅದೇ ತರಿಸಿ. ಹೊಸ ಪಿಕಪ್‌ನಲ್ಲಿ ಸ್ಟ್ಯಾಟಿಕ್‌ನಿಂದ (ಮೈಕೈಯಲ್ಲಿ ಸೇರುವ ಸ್ಥಿರ ವಿದ್ಯುತ್ತಿನಿಂದ) ಕಾಪಾಡಲು ಒಂದು ಚೂರು ಬೆಸುಗೆ ಹಾಕಿರುತ್ತಾರೆ. ಕೇಬಲ್ ಸಿಕ್ಕಿಸಿದ ಮೇಲೆ ಅದನ್ನು ತೆಗೆಯಬೇಕು. ನಾನು ಮೊದಲ ಸಲ ಇದನ್ನು ಮರೆತು, ಹೊಸ ಪಿಕಪ್ಪೇ ಸತ್ತಿದೆ ಅಂತ ಒಂದು ಸಂಜೆ ಪೂರ್ತಿ ಬೈದುಕೊಂಡಿದ್ದೆ.

ಹಳೇತಟ್ಟೆ:
ಸವರಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು! ಈಗ ಡಿವಿಡಿ ಓಡುತ್ತಿದೆ. ಆದರೆ ಒಂದು ಸಿನಿಮಾದ ಮಧ್ಯದಲ್ಲಿ ಚಿತ್ರ ಅರ್ಧ ಸೆಕೆಂಡ್ ನಿಂತು ಮುಂದೆ ಹೋಗುತ್ತದೆ. ಪ್ರತಿ ಸಲವೂ ಅದೇ ದೃಶ್ಯದಲ್ಲಿ. ಇನ್ನೊಂದು ಸಲ ಸವರಲಾ?

ಬೆಸುಗೆಕಡ್ಡಿ:
ಬೇಡ. ಅದು ಎರಡು ಪದರದ ಡಿಸ್ಕ್ ಇರಬೇಕು. ಒಂದು ಪದರಕ್ಕೆ 4.7 ಜಿಬಿ, ಎರಡಾದರೆ 8.5. ಸಿನಿಮಾ ಡಿಸ್ಕ್‌ನಲ್ಲಿ ಮೊದಲ ಪದರವನ್ನು ಒಳಗಿನಿಂದ ಅಂಚಿನವರೆಗೆ ಓದಿ, ಎರಡನೆಯದನ್ನು ಅಂಚಿನಿಂದ ಒಳಕ್ಕೆ ಓದುವುದೇ ಜಾಸ್ತಿ. ಆ ತಿರುವಿನಲ್ಲಿ ಲೆನ್ಸ್ ಹೊಸದಾಗಿ ಫೋಕಸ್ ಹಿಡಿಯಬೇಕು. ಬಫರ್ (ಮುಂದಿನ ಚಿತ್ರವನ್ನು ಮೊದಲೇ ಓದಿಟ್ಟುಕೊಳ್ಳುವ ಮೆಮೊರಿ) ದೊಡ್ಡದಿದ್ದರೆ ಗೊತ್ತೇ ಆಗುವುದಿಲ್ಲ, ನಿಮ್ಮದರಲ್ಲಿ ಚಿಕ್ಕದು. ಮುಚ್ಚಳದ ಸ್ಕ್ರೂ ಹಾಕಿಬಿಡಿ.