ಕಳೆದುಹೋದ ಪರ್ಸ್ ವಾಪಸ್ ಸಿಕ್ಕಿದೆ, ಆದರೂ ಕಾರ್ಡ್ ಬದಲಾಯಿಸಬೇಕಾ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಬಸ್ ಇಳಿಯುವ ಗಡಿಬಿಡಿಯಲ್ಲಿ ನನ್ನ ಪರ್ಸ್ ಬಿದ್ದುಹೋಯಿತು. ಮನೆಗೆ ಬಂದು ಚೀಲ ತೆಗೆದಾಗಲೇ ಗೊತ್ತಾಗಿದ್ದು. ಡೆಬಿಟ್ ಕಾರ್ಡನ್ನು ಆ್ಯಪ್‌ನಲ್ಲೇ ತಕ್ಷಣ ತಾತ್ಕಾಲಿಕವಾಗಿ ಲಾಕ್ ಮಾಡಿದೆ. ಕ್ರೆಡಿಟ್ ಕಾರ್ಡ್ ಬೇರೆ ಬ್ಯಾಂಕಿನದು. ಗ್ರಾಹಕ ಸೇವೆಗೆ ಫೋನ್ ಹಚ್ಚಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಲಾಕ್ ಮಾಡಿಸುವಷ್ಟರಲ್ಲಿ ರಾತ್ರಿಯಾಗಿತ್ತು.

ಇವತ್ತು ಮಧ್ಯಾಹ್ನ ಹಿರಿಯರೊಬ್ಬರು ಫೋನ್ ಮಾಡಿದರು. ಪರ್ಸಿನಲ್ಲಿದ್ದ ನನ್ನ ವಿಸಿಟಿಂಗ್ ಕಾರ್ಡ್ ನೋಡಿ ನಂಬರ್ ಹಿಡಿದಿದ್ದರು. ಬಸ್ ನಿಲ್ದಾಣದ ಬೆಂಚಿನ ಮೇಲೆ ಯಾರೋ ಎತ್ತಿಟ್ಟು ಹೋಗಿದ್ದರಂತೆ. ಹೋಗಿ ತಂದೆ. ಒಂದು ನೋಟೂ ಕಡಿಮೆಯಾಗಿಲ್ಲ, ಕಾರ್ಡ್‌ಗಳು ಇಟ್ಟ ಜಾಗದಲ್ಲೇ ಇವೆ. ಏನಾದರೂ ಕೊಡೋಣ ಅಂದರೆ ಅವರು ಕೈಯಲ್ಲಿ ಮುಟ್ಟಲಿಲ್ಲ.

ಈಗ ಮನೆಯಲ್ಲಿ ಎರಡು ಮಾತು. ನಮ್ಮ ಯಜಮಾನರು "ದುಡ್ಡನ್ನೇ ಮುಟ್ಟದವರು ಕಾರ್ಡ್ ಮುಟ್ಟುತ್ತಾರಾ? ಲಾಕ್ ತೆಗೆದು ಬಳಸು" ಅನ್ನುತ್ತಾರೆ. ಎರಡೂ ಕಾರ್ಡ್ ಪೂರ್ತಿ ರದ್ದಾಗುವ ಹಾಗೆ ಬ್ಲಾಕ್ ಮಾಡಿಸು ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ಕರೆಂಟ್ ಬಿಲ್, ವಿಮೆ ಕಂತು, ಅಮ್ಮನ ಔಷಧಿ ಎಲ್ಲ ಆ ಕ್ರೆಡಿಟ್ ಕಾರ್ಡಿನಿಂದಲೇ ತಾನಾಗಿ ಕಟ್ಟಾಗುತ್ತವೆ, ಬದಲಾಯಿಸಿದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕು. ಇನ್ನೊಂದು ಸಂಕಟವೂ ಇದೆ. ಅಷ್ಟು ಒಳ್ಳೆಯವರ ಕೈಯಿಂದ ಬಂದ ಕಾರ್ಡನ್ನು ಕತ್ತರಿಸಿ ಎಸೆದರೆ ಅವರನ್ನು ಅನುಮಾನಿಸಿದ ಹಾಗಾಗುತ್ತದೆ ಅನಿಸುತ್ತಿದೆ. ಸ್ಟೇಟ್‌ಮೆಂಟ್ ನೋಡಿದೆ, ನಾನು ಮಾಡದ ಖರ್ಚು ಯಾವುದೂ ಇಲ್ಲ. ಏನು ಮಾಡಲಿ?

ಉತ್ತರ 1:

ಖರ್ಚು ಏನೂ ಬಿದ್ದಿಲ್ಲ ಅಂದಮೇಲೆ ಭಯ ಬೇಡ ಮೇಡಂ. ಎರಡೂ ಕಾರ್ಡಿನ ಪಿನ್ ಬದಲಾಯಿಸಿ, ಎಸ್ಸೆಮ್ಮೆಸ್ ಬರುತ್ತಾ ನೋಡಿಕೊಳ್ಳಿ. ಸಾಕು.

ಉತ್ತರ 2:

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ, ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬ್ಯಾಂಕೊಂದರ ಕಾರ್ಡ್ ವಿಭಾಗದಲ್ಲಿ ವರ್ಷಗಟ್ಟಲೆ ಇಂಥ ದೂರುಗಳನ್ನೇ ನೋಡಿದವನು ನಾನು.

ಮೊದಲು ಆ ಹಿರಿಯರ ವಿಷಯ. ನೀವೇ ಬರೆದಿದ್ದೀರಿ, ಪರ್ಸನ್ನು ಯಾರೋ ಎತ್ತಿ ಬೆಂಚಿನ ಮೇಲೆ ಇಟ್ಟಿದ್ದರು ಅಂತ. ಅಂದರೆ ಅವರಿಗೆ ಸಿಗುವ ಮೊದಲೇ ಅದು ಬೇರೆ ಕೈಗೆ ಹೋಗಿತ್ತು. ಒಂದೇ ಕೈಯೋ, ಹೆಚ್ಚೋ, ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅವರ ಪ್ರಾಮಾಣಿಕತೆಗೆ ನೀವು ಋಣಿ, ಆ ಋಣಕ್ಕೂ ಕಾರ್ಡಿಗೂ ಗಂಟು ಹಾಕಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ನಿನ್ನೆ ಸಂಜೆಯಿಂದ ಇವತ್ತಿನ ಮಧ್ಯಾಹ್ನದವರೆಗೆ ಕಾರ್ಡ್ ನಿಮ್ಮ ಕಣ್ಣೆದುರು ಇತ್ತಾ? ಇರಲಿಲ್ಲ.

ಯಜಮಾನರು ಹೇಳಿದ್ದು ಕೇಳಲು ಸರಿಯಾಗಿಯೇ ಇದೆ. ಆದರೆ ನೋಟು ತೆಗೆದರೆ ಕಡಿಮೆಯಾಗುತ್ತದೆ, ಕಾರ್ಡಿನಿಂದ ತೆಗೆದದ್ದು ಕಾಣುವುದೇ ಇಲ್ಲ. ಮುಂದೆ ಹಿಂದೆ ಎರಡು ಫೋಟೊ ಹೊಡೆದರೆ 16 ಅಂಕಿಯ ನಂಬರ್, ಅವಧಿ ಮುಗಿಯುವ ತಿಂಗಳು, ಹೆಸರು, ಹಿಂಬದಿಯ 3 ಅಂಕಿಯ ಸಿವಿವಿ ಎಲ್ಲ ಸಿಕ್ಕಂತೆ. ಪರ್ಸನ್ನು ಹಾಗೇ ಬೆಂಚಿನ ಮೇಲೆ ಇಟ್ಟು ಹೋದರಾಯಿತು. ಅಂಥವರು ನೋಟಿಗೆ ಕೈ ಹಾಕದಿರುವುದೇ ಹೆಚ್ಚು, ಯಾಕೆಂದರೆ ದುಡ್ಡು ಹೋದರೆ ನೀವು ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸುತ್ತೀರಿ.

ಇನ್ನು ಪಿನ್. ಆನ್‌ಲೈನ್ ಖರೀದಿಗೆ ಸಾಮಾನ್ಯವಾಗಿ ಪಿನ್ ಕೇಳುವುದಿಲ್ಲ. ಓಟಿಪಿ ಕೇಳುವ ಕಡೆ ನೀವು ಬಚಾವ್, ಆದರೆ ಓಟಿಪಿ ಕೇಳದೆ ನಂಬರ್ ಮತ್ತು ಸಿವಿವಿ ನೋಡಿಯೇ ಹಣ ಎಳೆಯುವ ಅಂತರ್ಜಾಲದ ಅಂಗಡಿಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಪಿನ್ ಬದಲಾದರೆ ಕಾರ್ಡಿನ ನಂಬರ್ ಬದಲಾಗುವುದಿಲ್ಲ. ಲಾಕ್ ಮಾಡಿ ತೆಗೆದರೂ ಅಷ್ಟೇ. ಕಾರ್ಡ್ ಕಳೆದಿದ್ದ ಹೊತ್ತಿಗೆ ಲಾಕ್ ಸರಿಯಾದ ಕೆಲಸ, ನೀವು ಮಾಡಿದ್ದು ಚೆನ್ನಾಗಿ ಮಾಡಿದಿರಿ. ಆದರೆ ಲಾಕ್ ತೆಗೆದ ಕ್ಷಣ, ಆ ಫೋಟೊ ಯಾರ ಹತ್ತಿರವಾದರೂ ಇದ್ದರೆ ಅದಕ್ಕೂ ಜೀವ ಬರುತ್ತದೆ.

ಕಾರ್ಡಿನ ಹಿಂದಿನ ಕಪ್ಪು ಮ್ಯಾಗ್ನೆಟಿಕ್ ಪಟ್ಟಿಯೂ ಒಂದು ತಲೆನೋವು. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಗುಪ್ತ ಸಂಕೇತ ಹುಟ್ಟಿಸುತ್ತದೆ, ಅದನ್ನು ನಕಲು ಮಾಡಿ ಪ್ರಯೋಜನವಿಲ್ಲ. ಪಟ್ಟಿಯಲ್ಲಿರುವ ಮಾಹಿತಿ ಮಾತ್ರ ಯಾವತ್ತೂ ಒಂದೇ, ಚಿಕ್ಕ ಸ್ಕಿಮ್ಮರ್ ಯಂತ್ರದಲ್ಲಿ ಒಮ್ಮೆ ಉಜ್ಜಿದರೆ ನಕಲಾಗುತ್ತದೆ. ಇದೇ ದೌರ್ಬಲ್ಯದಿಂದಾಗಿ ಪಟ್ಟಿಯ ಕಾಲ ಮುಗಿಯುತ್ತಾ ಬಂದಿದೆ. 2033ರ ಹೊತ್ತಿಗೆ ತನ್ನ ಯಾವ ಕ್ರೆಡಿಟ್, ಡೆಬಿಟ್ ಕಾರ್ಡಿನಲ್ಲೂ ಪಟ್ಟಿ ಇರುವುದಿಲ್ಲ ಎಂದು ಮಾಸ್ಟರ್‌ಕಾರ್ಡ್ 2021ರಲ್ಲೇ ಹೇಳಿದೆ. ನಿಮ್ಮ ಕಾರ್ಡಿನಲ್ಲಿ ಇವತ್ತು ಇದೆಯಲ್ಲ, ನೋಡಬೇಕಾದದ್ದು ಅದು.

ಸ್ಟೇಟ್‌ಮೆಂಟ್ ಶುದ್ಧವಾಗಿದೆ ಅನ್ನುವುದು ಸಮಾಧಾನದ ಮಾತು, ಅಷ್ಟೇ. ಕದ್ದ ನಂಬರನ್ನು ಅವತ್ತೇ ಬಳಸಬೇಕೆಂದಿಲ್ಲ. ಕೈಯಿಂದ ಕೈಗೆ ಮಾರಾಟವಾಗಿ ತಿಂಗಳುಗಳ ನಂತರ ಬಳಕೆಗೆ ಬಂದದ್ದನ್ನು ನಾನು ನೋಡಿದ್ದೇನೆ. ಎಷ್ಟೋ ಸಲ ಮೊದಲು ಯಾರ ಗಮನಕ್ಕೂ ಬಾರದಷ್ಟು ಸಣ್ಣ ಮೊತ್ತ ಎಳೆದು, ಕಾರ್ಡ್ ಜೀವಂತವಾಗಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಅದು ಹೋಯಿತೆಂದರೆ ಮುಂದಿನದು ದೊಡ್ಡದು.

ನನ್ನ ಸಲಹೆ ಸ್ಪಷ್ಟ: ಎರಡನ್ನೂ ಬದಲಾಯಿಸಿ. ಎಲ್ಲಿಂದ ಶುರು ಮಾಡಲಿ ಅಂದರೆ ಡೆಬಿಟ್ ಕಾರ್ಡಿನಿಂದ. ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ಬಿಲ್ ಕಟ್ಟುವ ಮೊದಲು ತಕರಾರು ಹಾಕಬಹುದು. ಡೆಬಿಟ್‌ನಲ್ಲಿ ನಿಮ್ಮ ಸ್ವಂತ ಹಣ ಖಾತೆಯಿಂದ ಹೋಗಿಬಿಟ್ಟಿರುತ್ತದೆ, ವಾಪಸ್ ಬರುವವರೆಗೆ ಮನೆ ನಡೆಸುವುದು ನೀವೇ.

ಫೋನ್ ಮಾಡಿದಾಗ "ಕಾರ್ಡ್ ಕಳೆದುಹೋಗಿತ್ತು, ಬೇರೆಯವರ ಕೈಯಲ್ಲಿತ್ತು" ಅಂತಲೇ ಹೇಳಿ. ಕಾರ್ಡ್ ಹಾಳಾಗಿದೆ ಅಂದರೆ ಕೆಲವು ಬ್ಯಾಂಕುಗಳು ಅದೇ ನಂಬರಿನ ಇನ್ನೊಂದು ಕಾರ್ಡ್ ಕಳಿಸುತ್ತವೆ, ಮಾಡಿದ್ದೆಲ್ಲ ದಂಡ. ಹೊಸದು ಬಂದಾಗ ನಂಬರ್ ಬೇರೆಯೇ ಇದೆಯಾ ಅಂತ ಹಳೆಯದರ ಪಕ್ಕ ಇಟ್ಟು ನೋಡಿ, ಆಮೇಲೆ ಹಳೆಯದನ್ನು ಚಿಪ್ ಮತ್ತು ಪಟ್ಟಿ ಎರಡೂ ತುಂಡಾಗುವ ಹಾಗೆ ಕತ್ತರಿಸಿ.

ಪ್ರಶ್ನೆ ಕೇಳಿದವರು:

ತುಂಬಾ ಧನ್ಯವಾದ ಸರ್. ಬೆಂಚಿನ ಮೇಲೆ ಇಟ್ಟವರ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ಡೆಬಿಟ್ ಕಾರ್ಡ್ ಈಗಲೇ ಬ್ಲಾಕ್ ಮಾಡಿಸಿದೆ. ಖಾತೆ ನಂಬರ್ ಬದಲಾಗುತ್ತದಾ? ತಾನಾಗಿ ಕಟ್ಟಾಗುವ ಬಿಲ್‌ಗಳ ಗತಿ ಏನು? ಫೋನಿನಲ್ಲೂ ಅದೇ ಕ್ರೆಡಿಟ್ ಕಾರ್ಡ್ ಸೇರಿಸಿ, ಅಂಗಡಿಯಲ್ಲಿ ಫೋನ್ ಟ್ಯಾಪ್ ಮಾಡಿ ಹಣ ಕೊಡುತ್ತೇನೆ, ಅದೂ ನಿಲ್ಲುತ್ತದಾ?

ಉತ್ತರ 2:

ಖಾತೆ ನಂಬರ್ ಹಾಗೇ ಇರುತ್ತದೆ, ಸಂಬಳಕ್ಕೆ ಏನೂ ತೊಂದರೆಯಿಲ್ಲ. ಫೋನಿನೊಳಗೆ ಇರುವುದು ಕಾರ್ಡಿನ ನಿಜವಾದ ನಂಬರ್ ಅಲ್ಲ, ಅದರ ಬದಲಿಗೆ ಕೊಟ್ಟ ಬೇರೊಂದು ನಂಬರ್, ಟೋಕನ್ ಅನ್ನುತ್ತಾರೆ. ಕೆಲವು ಬ್ಯಾಂಕುಗಳು ಆ ಟೋಕನನ್ನು ಹೊಸ ಕಾರ್ಡಿಗೆ ತಾವೇ ಜೋಡಿಸುತ್ತವೆ, ಉಳಿದವುಗಳಲ್ಲಿ ನೀವೇ ಹೊಸದಾಗಿ ಸೇರಿಸಬೇಕು.

ಬಿಲ್‌ಗಳದ್ದೂ ಹಾಗೇ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ನಂಬರನ್ನು ವ್ಯಾಪಾರಿಗಳಿಗೆ ತಲುಪಿಸುವ ವ್ಯವಸ್ಥೆ ಇದೆ, ಆದರೆ ಎಲ್ಲ ಬ್ಯಾಂಕೂ ಎಲ್ಲ ಕಂಪನಿಯೂ ಅದರಲ್ಲಿ ಸೇರಿಲ್ಲ. ಅದನ್ನು ನಂಬಿ ಕೂರಬೇಡಿ. ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ತಾನಾಗಿ ಕಟ್ಟಾದದ್ದನ್ನೆಲ್ಲ ಬರೆದುಕೊಳ್ಳಿ. ಒಂದೇ ತಿಂಗಳದ್ದು ನೋಡಿದರೆ ವರ್ಷಕ್ಕೊಮ್ಮೆ ಬರುವ ಕಂತು ತಪ್ಪಿಹೋಗುತ್ತದೆ. ವಿಮೆಯನ್ನು ಮೊದಲು ಸರಿ ಮಾಡಿ. ಕಂತು ನಿಂತು ಪಾಲಿಸಿ ಕೆಟ್ಟರೆ ಅದು ಕಾರ್ಡ್ ಮೋಸಕ್ಕಿಂತ ದೊಡ್ಡ ನಷ್ಟ.

ಉತ್ತರ 3:

ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಇರುವವರಿಗೆ ಸರ್ ಹೇಳಿದ್ದು ಪೂರ್ತಿ ಸರಿ. ದೂರದ ಊರಿನಲ್ಲಿ ಇದ್ದು, ಕೈಯಲ್ಲಿ ಇರುವುದೇ ಒಂದು ಕಾರ್ಡ್ ಆಗಿದ್ದರೆ ಕಣ್ಣು ಮುಚ್ಚಿ ಬ್ಲಾಕ್ ಮಾಡಿಸಬೇಡಿ. ಲಾಕ್‌ಗೂ ಬ್ಲಾಕ್‌ಗೂ ವ್ಯತ್ಯಾಸ ಇದೆ, ಬ್ಲಾಕ್ ಆದ ಕಾರ್ಡ್ ಮತ್ತೆ ಎದ್ದು ಬರುವುದಿಲ್ಲ. ನನ್ನ ಅಕ್ಕ ಹೀಗೇ ಪ್ರವಾಸದಲ್ಲಿದ್ದಾಗ ಆನ್‌ಲೈನ್ ಬಳಕೆ ಪೂರ್ತಿ ನಿಲ್ಲಿಸಿ, ಎಟಿಎಂಗೆ ಹೋದಾಗ ಮಾತ್ರ ಲಾಕ್ ತೆಗೆದು, ಹಣ ಪಡೆದ ಕೂಡಲೇ ಮತ್ತೆ ಹಾಕಿ ನಿಭಾಯಿಸಿದಳು. ಮನೆ ಮುಟ್ಟಿದ ದಿನ ಬದಲಾಯಿಸಿದಳು.

ಉತ್ತರ 2:

ಒಳ್ಳೆಯ ಮಾತು, ಅಂಥ ಸಂದರ್ಭದಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ.

ಮೇಡಂ, ಕೊನೆಗೊಂದು ವಿಷಯ, ಇದನ್ನು ಮನೆಯವರಿಗೂ ಹೇಳಿ. ಆ ಪರ್ಸಿನಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ಯಾವ ಬ್ಯಾಂಕು ಅನ್ನುವುದು ಮೂರೂ ಒಟ್ಟಿಗೆ ಇದ್ದವು. ಬರುವ ದಿನಗಳಲ್ಲಿ ಯಾರಾದರೂ ಬ್ಯಾಂಕಿನವರ ಹೆಸರಿನಲ್ಲಿ ಫೋನ್ ಮಾಡಿ, ಕಾರ್ಡಿನ ಕೊನೆಯ 4 ಅಂಕಿ ತಾವೇ ಸರಿಯಾಗಿ ಹೇಳಿ, "ಹೊಸ ಕಾರ್ಡ್ ಚಾಲೂ ಮಾಡಬೇಕು, ಓಟಿಪಿ ಹೇಳಿ" ಅನ್ನಬಹುದು. 4 ಅಂಕಿ ಗೊತ್ತಿದೆ ಅಂದಮಾತ್ರಕ್ಕೆ ನಂಬಬೇಡಿ. ಫೋನ್ ಇಟ್ಟು, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ಮನೆಯಲ್ಲಿ ಅಮ್ಮ ಫೋನ್ ಎತ್ತುವ ಅಭ್ಯಾಸವಿದ್ದರೆ ಅವರಿಗೆ ಇವತ್ತೇ ತಿಳಿಸಿ.